ಎಬಿಟ್ಡಾ ಮಾರ್ಜಿನ್ ಕಾಲಂಗೆ ಎರಡೂವರೆ ಸ್ಟಾರ್: ಲೈವ್ ಶೋ ಕಂಪನಿಗಳ ಮೇಲೆ ಒಂದು ಸ್ಕ್ರೀನರ್‌ನ ಪರೀಕ್ಷೆ

ನಾನು ಚಂದಾ ಕಟ್ಟಿ ಬಳಸುತ್ತಿರುವ ಶೇರು ಸ್ಕ್ರೀನರ್ (ಕಂಪನಿಗಳ ಲೆಕ್ಕದ ಅಂಕಿಗಳನ್ನು ಜೋಡಿಸಿ, ಹೋಲಿಸಿ ತೋರಿಸುವ ಸೇವೆ) ಒಂದರ ವಿಮರ್ಶೆ ಇದು. ಹೆಸರು ಬರೆಯುತ್ತಿಲ್ಲ. ನನ್ನ ತಕರಾರು ಒಂದು ಸೇವೆಯ ಮೇಲಿನದ್ದಷ್ಟೇ ಅಲ್ಲ, ಅದು ದಪ್ಪ ಅಕ್ಷರದಲ್ಲಿ ತೋರಿಸುವ ಒಂದು ಅಂಕಿಯ ಮೇಲಿನದ್ದು. ಆ ಅಂಕಿಯನ್ನು ಬೇರೆ ಸ್ಕ್ರೀನರ್‌ಗಳೂ ತೋರಿಸುತ್ತವೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಬೇರೆಯದಾದರೂ ಓದಿ.

ಮೊದಲು ನನ್ನ ಹಿನ್ನೆಲೆ. ನಾನು ಸಂಗೀತ ಕಾರ್ಯಕ್ರಮ ನಡೆಸುವವರ ಲೆಕ್ಕ ಬರೆದವನು. ವೇದಿಕೆಯ ಮೇಲೆ ಕೊನೆಯ ಹಾಡು ನಡೆಯುತ್ತಿರುವಾಗ ಹಿಂದಿನ ಕೋಣೆಯಲ್ಲಿ ಕಲಾವಿದರ ಕಡೆಯ ಲೆಕ್ಕದವರ ಎದುರು ಕೂತು, ಎಷ್ಟು ಟಿಕೆಟ್ ಮಾರಿತು, ಎಷ್ಟು ಪುಕ್ಕಟೆ ಪಾಸ್ ಹೋಯಿತು, ಜನರೇಟರ್ ಬಾಡಿಗೆ ಯಾರ ತಲೆಗೆ ಎಂದು ಚೌಕಾಸಿ ಮಾಡಿ ಸೆಟಲ್‌ಮೆಂಟ್ ಶೀಟ್‌ಗೆ ಸಹಿ ಹಾಕಿಸುವುದು ನನ್ನ ಕೆಲಸವಾಗಿತ್ತು. ಈಗ ಆ ಕೆಲಸ ಬಿಟ್ಟಿದ್ದೇನೆ, ಆ ಬಗೆಯ ಕಂಪನಿಗಳ ಶೇರುಗಳನ್ನು ನೋಡುತ್ತೇನೆ. ಸ್ಕ್ರೀನರ್ ಕೊಂಡದ್ದೂ ಅದಕ್ಕೇ.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ತೆರೆ ಚೊಕ್ಕವಾಗಿದೆ. ಹತ್ತು ವರ್ಷದ ಲಾಭ-ನಷ್ಟ ಪಟ್ಟಿ, ಆಸ್ತಿ-ಹೊಣೆ ಪಟ್ಟಿ, ನಗದು ಹರಿವು ಎಲ್ಲವೂ ಒಂದೇ ಒತ್ತಿಗೆ ಸ್ಪ್ರೆಡ್‌ಶೀಟ್ ಆಗಿ ಇಳಿಯುತ್ತವೆ. ಬೇರೆ ಬೇರೆ ದೇಶಗಳ ಕಂಪನಿಗಳು ಒಂದೇ ಕಡೆ ಸಿಗುತ್ತವೆ. ಫಲಿತಾಂಶ ಬಂದ ಕೆಲ ಗಂಟೆಗಳಲ್ಲೇ ಅಂಕಿಗಳು ಬದಲಾಗಿರುತ್ತವೆ. ಇಷ್ಟಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ತೊಡಕು ಶುರುವಾಗುವುದು ಮುಖಪುಟದಲ್ಲೇ ಇರುವ 'ಎಬಿಟ್ಡಾ ಮಾರ್ಜಿನ್' ಕಾಲಂನಲ್ಲಿ. ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಚುಕ್ಕೆ. ಮಾರ್ಜಿನ್ ಹೆಚ್ಚಿದ್ದರೆ ಹಸಿರು, ಕಡಿಮೆಯಿದ್ದರೆ ಕೆಂಪು. ಚುಕ್ಕೆ ನೋಡಿ ಶೇರು ಕೊಳ್ಳುವವರು ಎಷ್ಟು ಮಂದಿಯೋ!

ಹೊಸಬರಿಗೆ ಎರಡು ಮಾತು. ಬಡ್ಡಿ, ತೆರಿಗೆ, ಸವಕಳಿ (ಯಂತ್ರ, ಕಟ್ಟಡಗಳ ಬೆಲೆಯನ್ನು ವರ್ಷಗಳಿಗೆ ಹಂಚಿ ಬರೆಯುವ ಖರ್ಚು), ಅಮಾರ್ಟೈಸೇಶನ್ (ಹಕ್ಕು, ಒಪ್ಪಂದಗಳಂಥ ಕೈಗೆ ಸಿಗದ ಆಸ್ತಿಗೆ ಹಾಗೆಯೇ ಹಂಚಿ ಬರೆಯುವ ಖರ್ಚು) ಇವು ನಾಲ್ಕನ್ನೂ ಕಳೆಯುವ ಮುಂಚಿನ ಗಳಿಕೆಯೇ ಎಬಿಟ್ಡಾ. ಅದನ್ನು ಒಟ್ಟು ವರಮಾನದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮಾರ್ಜಿನ್. ಕೇಬಲ್ ಟಿವಿ ಕಂಪನಿ ಟಿಸಿಐ ನಡೆಸುತ್ತಿದ್ದ ಜಾನ್ ಮಲೋನ್ ಈ ಅಳತೆಗೆ ಹೆಸರು ತಂದುಕೊಟ್ಟವರು. ಸಾಲ ಎತ್ತಿ ಕೇಬಲ್ ಎಳೆದ ಕಂಪನಿಗೆ ಬಡ್ಡಿ, ಸವಕಳಿ ಎರಡೂ ದೊಡ್ಡವು, ಅವನ್ನು ಕಳೆದರೆ ಲಾಭವೇ ಕಾಣದು. ಹಾಗಾಗಿ ಅವೆರಡನ್ನು ಕಳೆಯುವ ಮುಂಚಿನ ಅಂಕಿಯನ್ನೇ ನೋಡಿ ಎಂದು ಹೂಡಿಕೆದಾರರಿಗೆ ಹೇಳಲು ಇದು ಅನುಕೂಲವಾಯಿತು. ವಾರನ್ ಬಫೆಟ್‌ಗೆ ಇದು ಎಂದೂ ಹಿಡಿಸಲಿಲ್ಲ. ಯಂತ್ರ, ಕಟ್ಟಡಗಳಿಗೆ ಕೊಟ್ಟ ದುಡ್ಡೂ ದುಡ್ಡೇ ಅಲ್ಲವೇ ಎನ್ನುವುದು ಅವರ ವಾದ. ನಾನು ಇಬ್ಬರ ನಡುವೆ ನಿಂತವನು. ಲೈವ್ ಶೋ ವ್ಯಾಪಾರದಲ್ಲಿ ಈ ಅಳತೆಯನ್ನು ಬಳಸಬಹುದು, ಆದರೆ ಒಟ್ಟು ಕಂಪನಿಗೆ ಒಂದೇ ಅಂಕಿಯಾಗಿ ಬಳಸಿದರೆ ಅದರಿಂದ ತಿಳಿಯುವುದಕ್ಕಿಂತ ಮರೆಯಾಗುವುದೇ ಹೆಚ್ಚು.

ಪರೀಕ್ಷೆಗೆ ಅಮೆರಿಕದ ಲೈವ್ ಶೋ ಕಂಪನಿ ಲೈವ್ ನೇಶನ್ ತೆಗೆದುಕೊಂಡೆ. 2005ರಲ್ಲಿ ರೇಡಿಯೊ ಕಂಪನಿ ಕ್ಲಿಯರ್ ಚಾನೆಲ್‌ನಿಂದ ಬೇರೆಯಾದ ಕಂಪನಿ, 2010ರಲ್ಲಿ ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ ಜೊತೆ ಸೇರಿಕೊಂಡಿತು. 2024ರಲ್ಲಿ ಅದರ ವರಮಾನ ಸುಮಾರು 2,316 ಕೋಟಿ ಡಾಲರ್. ಆ ವರ್ಷದ ಕಾರ್ಯಾಚರಣೆ ಲಾಭ ಸುಮಾರು 82.5 ಕೋಟಿ, ಅಂದರೆ ಶೇ 3.6. ಸವಕಳಿ ಮತ್ತು ಅಮಾರ್ಟೈಸೇಶನ್ 50 ಕೋಟಿಗೂ ಮೇಲೆ. ಅದನ್ನು ಮರಳಿ ಕೂಡಿಸಿದರೆ ಪಠ್ಯಪುಸ್ತಕದ ಎಬಿಟ್ಡಾ ಸಿಗುತ್ತದೆ, ಮಾರ್ಜಿನ್ ಶೇ 6ರ ಆಸುಪಾಸು. ಕಂಪನಿ ತಾನೇ ಪ್ರಕಟಿಸುವ, ಇನ್ನೂ ಕೆಲವು ಖರ್ಚುಗಳನ್ನು ಹೊರಗಿಟ್ಟ 'ಹೊಂದಾಣಿಕೆ ಮಾಡಿದ ಕಾರ್ಯಾಚರಣೆ ಲಾಭ' ಸುಮಾರು 215 ಕೋಟಿ, ಮಾರ್ಜಿನ್ ಶೇ 9.3. ಒಂದೇ ಕಂಪನಿ, ಒಂದೇ ವರ್ಷ, ಮೂರು ಉತ್ತರ. ಸ್ಕ್ರೀನರ್ ಒಂದು ಪುಟದಲ್ಲಿ ಎರಡನೆಯದನ್ನು ಹಾಕುತ್ತದೆ, 'ವಿಶ್ಲೇಷಕರ ಅಂದಾಜು' ಪುಟದಲ್ಲಿ ಮೂರನೆಯದನ್ನು, ಎರಡಕ್ಕೂ ಕೊಟ್ಟ ಹೆಸರು ಎಬಿಟ್ಡಾ! ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿ ಈ ವಿಷಯದಲ್ಲಿ ಕಟ್ಟುನಿಟ್ಟು: ಹೆಸರಿನಲ್ಲಿರುವ ನಾಲ್ಕರ ಹೊರತು ಬೇರೇನನ್ನಾದರೂ ಹೊರಗಿಟ್ಟರೆ ಅದನ್ನು ಬರಿಯ ಎಬಿಟ್ಡಾ ಎಂದು ಕರೆಯುವಂತಿಲ್ಲ, 'ಹೊಂದಾಣಿಕೆ ಮಾಡಿದ' ಎಂಬಂಥ ಮಾತು ಸೇರಿಸಬೇಕು, ಅಧಿಕೃತ ಲೆಕ್ಕದಿಂದ ಅಲ್ಲಿಗೆ ಹೇಗೆ ಬಂದಿರೆಂದು ಪಟ್ಟಿ ಕೊಡಬೇಕು. ಕಂಪನಿ ಆ ಪಟ್ಟಿ ಕೊಡುತ್ತದೆ. ಸ್ಕ್ರೀನರ್ ಅದನ್ನು ತೂರಿಬಿಡುತ್ತದೆ.

ಇದಕ್ಕಿಂತ ದೊಡ್ಡ ತಕರಾರು ಆ ಶೇ 9.3ರ ಒಳಗೇ ಇದೆ. ಲೈವ್ ನೇಶನ್ ಹೊರಗಿನಿಂದ ಒಂದು ಕಂಪನಿ, ಒಳಗೆ ಮೂರು ವ್ಯಾಪಾರ. ಸಂಗೀತ ಕಛೇರಿ, ಉತ್ಸವ, ಕಲಾವಿದರ ಪ್ರವಾಸಗಳನ್ನು ನಡೆಸುವ ಕಾನ್ಸರ್ಟ್ ವಿಭಾಗದ ವರಮಾನ 2024ರಲ್ಲಿ ಸುಮಾರು 1,900 ಕೋಟಿ ಡಾಲರ್, ಅದರಲ್ಲಿ ಉಳಿದದ್ದು ಸುಮಾರು 53 ಕೋಟಿ. ಶೇ 3ನ್ನೂ ಮುಟ್ಟಲಿಲ್ಲ. ಟಿಕೆಟ್ ಮಾರಾಟದ ವಿಭಾಗಕ್ಕೆ ವರಮಾನ ಸುಮಾರು 300 ಕೋಟಿ, ಉಳಿದದ್ದು ಸುಮಾರು 112 ಕೋಟಿ, ಶೇ 37ರ ಮೇಲೆ. ಪ್ರಾಯೋಜಕತ್ವ ಮತ್ತು ಜಾಹೀರಾತಿಗೆ ವರಮಾನ ಸುಮಾರು 120 ಕೋಟಿ, ಉಳಿದದ್ದು ಸುಮಾರು 76 ಕೋಟಿ, ಶೇ 60ಕ್ಕೂ ಮೇಲೆ. ಮೂರನ್ನೂ ಕೂಡಿಸಿ ಕೇಂದ್ರ ಕಚೇರಿಯ ಖರ್ಚು ಕಳೆದರೆ 215 ಬರುತ್ತದೆ. ವರಮಾನದಲ್ಲಿ ನೂರಕ್ಕೆ ಐದರಷ್ಟಿರುವ ವಿಭಾಗ ಲಾಭದಲ್ಲಿ ಮೂರನೆಯ ಒಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ಎತ್ತು ಏರಿಗೆ ಕೋಣ ನೀರಿಗೆ ಎನ್ನುವಂಥ ಈ ಜೋಡಿಯ ಸರಾಸರಿ ತೆಗೆದು ಪಕ್ಕದಲ್ಲೊಂದು ಹಳದಿ ಚುಕ್ಕೆ ಇಟ್ಟರೆ ಓದುವವನಿಗೆ ಏನು ತಿಳಿದೀತು?

ಕಾನ್ಸರ್ಟ್ ವಿಭಾಗದಲ್ಲಿ ಯಾಕೆ ಅಷ್ಟು ಕಡಿಮೆ ಎಂದು ಶೋ ನಡೆಸಿದವರು ಕೇಳುವುದಿಲ್ಲ. ಉಳಿದವರಿಗಾಗಿ ಒಂದು ಕಲ್ಪಿತ ಸೆಟಲ್‌ಮೆಂಟ್ ಶೀಟ್ ಬರೆಯುತ್ತೇನೆ. ಸಭಾಂಗಣ ತುಂಬಿದರೆ ಟಿಕೆಟ್ ಹಣ 100 ಎಂದುಕೊಳ್ಳಿ. ಜಾಗದ ಬಾಡಿಗೆ, ಧ್ವನಿ-ಬೆಳಕು, ಕಾವಲು, ಪ್ರಚಾರ, ವಿಮೆ ಎಲ್ಲ ಸೇರಿ 35. ಕಲಾವಿದರ ಜೊತೆಗಿನ ಒಪ್ಪಂದ ಈ ವ್ಯಾಪಾರದಲ್ಲಿ ಸಾಮಾನ್ಯವಾಗಿರುವಂಥದ್ದೇ: ಖಾತ್ರಿ ಮೊತ್ತ 50, ಅಥವಾ ಖರ್ಚು ಕಳೆದು ಉಳಿದದ್ದರ ಶೇ 85, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ತುಂಬಿದ ದಿನ ಉಳಿಯುವುದು 65. ಅದರ ಶೇ 85 ಅಂದರೆ 55.25 ಕಲಾವಿದರಿಗೆ, 9.75 ಶೋ ನಡೆಸಿದವರಿಗೆ. ಈಗ 85ರಷ್ಟೇ ಮಾರಿತು ಎನ್ನಿ. ಖರ್ಚು 35 ಹಾಗೇ ಇರುತ್ತದೆ. ಖಾಲಿ ಕುರ್ಚಿಗೆ ಸ್ಪೀಕರ್ ಬಾಡಿಗೆಯಲ್ಲಿ ರಿಯಾಯಿತಿ ಯಾರೂ ಕೊಡುವುದಿಲ್ಲ. ಉಳಿದ 50 ಖಾತ್ರಿ ಮೊತ್ತಕ್ಕೇ ಸರಿಹೋಯಿತು. ಕೈಗೆ ಸೊನ್ನೆ. 80 ಮಾರಿದರೆ 5 ನಷ್ಟ. ಶೇ 9.75ರಿಂದ ಶೇ 6ಕ್ಕೂ ಮೀರಿದ ನಷ್ಟಕ್ಕೆ ಬೀಳಲು ಐದರಲ್ಲಿ ಒಂದು ಸೀಟು ಖಾಲಿ ಉಳಿದರೆ ಸಾಕು. ಮೇಲಕ್ಕೆ ಹೋಗುವ ದಾರಿಯೋ, ಮಾರಾಟ ಸುಮಾರು 94 ದಾಟಿದ ಮೇಲೆ ಸಿಗುವುದು ಹೆಚ್ಚುವರಿಯಲ್ಲಿ ನೂರಕ್ಕೆ ಹದಿನೈದು ಮಾತ್ರ, ಅದೂ ಸೀಟು ಮುಗಿಯುವವರೆಗೆ. ಇಂಥ ಸಾವಿರಾರು ಹಾಳೆಗಳ ಮೊತ್ತವೇ ಆ ವಿಭಾಗದ ಮಾರ್ಜಿನ್. ಅಲ್ಲಿ ಶೇ 2.8 ಉಳಿದರೆ ನಾನಂತೂ ಕೆಂಪು ಚುಕ್ಕೆ ಇಡುವುದಿಲ್ಲ.

ಹಾಗಾದರೆ ಟಿಕೆಟ್ ವಿಭಾಗದವರು ಅಷ್ಟೊಂದು ಜಾಣರೇ? ಸ್ವಲ್ಪ ಹೌದು, ಆದರೆ ಬಹಳಷ್ಟು ಲೆಕ್ಕ ಬರೆಯುವ ರೀತಿಯದ್ದೇ ಕೆಲಸ. ಶೋ ನಡೆಸುವ ವಿಭಾಗ ಟಿಕೆಟ್‌ನ ಮುಖಬೆಲೆಯನ್ನು ಪೂರ್ತಿ ವರಮಾನವೆಂದು ಬರೆದು, ಕಲಾವಿದರ ಪಾಲನ್ನು ಖರ್ಚೆಂದು ತೋರಿಸುತ್ತದೆ. ಟಿಕೆಟ್ ಮಾರುವ ವಿಭಾಗ ಬರಿಯ ಮಧ್ಯವರ್ತಿ. ಮುಖಬೆಲೆ ಅದರ ಕೈದಾಟಿ ಹೋದರೂ ವರಮಾನದಲ್ಲಿ ಬರುವುದು ಅದರ ಶುಲ್ಕ ಮಾತ್ರ. ಛೇದ ಚಿಕ್ಕದಾದರೆ ಮಾರ್ಜಿನ್ ತಾನಾಗಿ ದಪ್ಪ ಕಾಣುತ್ತದೆ. ಅದೇ ವಿಭಾಗ ಮುಖಬೆಲೆಯನ್ನೂ ಸೇರಿಸಿ ಬರೆದಿದ್ದರೆ ಒಂದು ಡಾಲರ್ ಲಾಭವೂ ಬದಲಾಗದೆ ಮಾರ್ಜಿನ್ ಕುಸಿದುಹೋಗುತ್ತಿತ್ತು.

ಇಲ್ಲಿಂದ ಹುಟ್ಟುವ ಇನ್ನೊಂದು ವಿಚಿತ್ರವನ್ನು ಸ್ಕ್ರೀನರ್ ನೇರವಾಗಿ ತಪ್ಪು ಓದುತ್ತದೆ. ಕಾನ್ಸರ್ಟ್ ವರಮಾನ ಇನ್ನೂ 100 ಕೋಟಿ ಹೆಚ್ಚಿತು, ಅದರಲ್ಲಿ 3 ಕೋಟಿ ಉಳಿಯಿತು ಎನ್ನೋಣ. ಒಟ್ಟು 2,416ಕ್ಕೆ 218, ಅಂದರೆ ಶೇ 9. ಲಾಭ ಏರಿತು, ಮಾರ್ಜಿನ್ ಇಳಿಯಿತು, ಪರದೆಯ ಮೇಲೆ 'ಲಾಭದಾಯಕತೆ ಕುಗ್ಗುತ್ತಿದೆ' ಎಂಬ ಎಚ್ಚರಿಕೆ ಬಂತು. ಯಾರು ಕುಗ್ಗಿದ್ದು? ಆ ಹೆಚ್ಚುವರಿ ಶೋಗಳೇ ಟಿಕೆಟ್ ಶುಲ್ಕ ತರುತ್ತವೆ, ಪ್ರಾಯೋಜಕರಿಗೆ ತೋರಿಸಲು ಜನ ತರುತ್ತವೆ. ತೆಳ್ಳಗಿನ ವಿಭಾಗ ದಪ್ಪಗಿನ ಎರಡನ್ನು ಸಾಕುತ್ತದೆ. ಹಾಗಾಗಿ ವಿಭಾಗವಾರು ಮಾರ್ಜಿನ್ ಸಿಕ್ಕಿದರೂ ಅದನ್ನು ಹಿಡಿದು 'ಕಾನ್ಸರ್ಟ್ ಮಾರಿಬಿಡಿ, ಟಿಕೆಟ್ ಇಟ್ಟುಕೊಳ್ಳಿ' ಎನ್ನುವಂತಿಲ್ಲ. ಈ ಎರಡೂ ಒಂದೇ ಕೈಯಲ್ಲಿರಬೇಕೇ ಎಂಬುದು ಹೂಡಿಕೆದಾರರ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಅಮೆರಿಕದ ನ್ಯಾಯ ಇಲಾಖೆ ಮೇ 2024ರಲ್ಲಿ ಮೊಕದ್ದಮೆ ಹೂಡಿದ್ದು ಇವೆರಡನ್ನು ಬೇರ್ಪಡಿಸಬೇಕೆಂದೇ. ಮಾರ್ಜಿನ್ ಮುಂದೆ ಎಷ್ಟಿರುತ್ತದೆ ಎಂಬುದರಲ್ಲಿ ನ್ಯಾಯಾಲಯಕ್ಕೂ ಒಂದು ಮಾತಿದೆ.

ಈಗ ಹೊರಗಿಟ್ಟ ಖರ್ಚುಗಳು. ನನ್ನ ಕಣ್ಣು ಮೊದಲು ಹೋಗುವುದು ಟಿಕೆಟ್ ಒಪ್ಪಂದಗಳ ಮುಂಗಡಕ್ಕೆ. ಒಂದು ಸಭಾಂಗಣದ ಟಿಕೆಟ್‌ಗಳನ್ನು ಮಾರುವ ಹಕ್ಕು ತನಗೇ ಬೇಕೆಂದು ಟಿಕೆಟ್ ಕಂಪನಿ ಮೊದಲೇ ಹಣ ಕೊಡುತ್ತದೆ. ಮರಳಿ ಬರದ ಮುಂಗಡವನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತಾರೆ. ಹಂಚಿ ಬರೆಯುವುದು ಅಮಾರ್ಟೈಸೇಶನ್ ಆದ್ದರಿಂದ ಹೊಂದಾಣಿಕೆ ಮಾಡಿದ ಲಾಭದಿಂದ ಅದು ಹೊರಗೆ. ಆದರೆ ಒಪ್ಪಂದ ಮುಗಿದ ದಿನ ಏನಾಗುತ್ತದೆ? ಮತ್ತೆ ಹಣ ಕೊಡಬೇಕು, ಪ್ರತಿಸ್ಪರ್ಧಿ ಬಾಗಿಲಲ್ಲಿ ನಿಂತಿದ್ದರೆ ಹೆಚ್ಚೇ ಕೊಡಬೇಕು. ಇದು ವ್ಯಾಪಾರ ನಡೆಸುವ ದಿನನಿತ್ಯದ ಖರ್ಚು ಎಂದೇ ನನ್ನ ಎಣಿಕೆ. ನನ್ನ ಹಾಳೆಯಲ್ಲಿ ಅದನ್ನು ಕಳೆದುಬಿಡುತ್ತೇನೆ. ಉದ್ಯೋಗಿಗಳಿಗೆ ಕೊಡುವ ಶೇರುಗಳ ವೆಚ್ಚವನ್ನೂ ಅಷ್ಟೇ. ಸಂಬಳ ಯಾವ ರೂಪದಲ್ಲಿ ಕೊಟ್ಟರೂ ಸಂಬಳ.

ಇನ್ನೊಂದನ್ನು ಬರೆಯಲು ಕೈ ಸ್ವಲ್ಪ ತಡೆಯುತ್ತದೆ. ನವೆಂಬರ್ 2021ರಲ್ಲಿ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಉತ್ಸವದ ನೂಕುನುಗ್ಗಲಿನಲ್ಲಿ 10 ಮಂದಿ ತೀರಿಕೊಂಡರು. ಆ ಪ್ರಕರಣದಲ್ಲಿ ವಿಮೆಯಿಂದ ಬರಬಹುದಾದದ್ದನ್ನು ಮೀರಿದ ಪರಿಹಾರದ ಹೊಣೆಯನ್ನು ಲೈವ್ ನೇಶನ್ ತನ್ನ ಹೊಂದಾಣಿಕೆ ಮಾಡಿದ ಲಾಭದಿಂದ ಹೊರಗಿಟ್ಟಿದೆ, ಮತ್ತೆ ಮತ್ತೆ ಬರುವ ಖರ್ಚಲ್ಲ ಎಂಬ ಕಾರಣ ಕೊಟ್ಟಿದೆ. ಮುಚ್ಚಿಟ್ಟಿಲ್ಲ, ವರದಿಯಲ್ಲಿ ಸ್ಪಷ್ಟವಾಗಿ ಬರೆದಿದೆ, ನಿಯಮದ ಒಳಗೇ ಇದೆ. ಆದರೂ ಜನರನ್ನು ಒಂದೆಡೆ ಸೇರಿಸುವುದೇ ಕಸುಬಾದ ಕಂಪನಿಯ ಲಾಭ ಅಳೆಯುವಾಗ ಜನಸಂದಣಿಯ ಅಪಾಯವನ್ನು ಹೊರಗಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಕಾವಲಿಗೆ ಎಷ್ಟು ಜನ ಬೇಕು ಎಂಬ ಜಗಳವನ್ನು ಎಷ್ಟೋ ಸಲ ಮೇಜಿನ ಆಚೆ ಈಚೆ ಕೂತು ಕೇಳಿದ್ದೇನೆ. ಆ ಖರ್ಚನ್ನು ಕಡಿಮೆ ಮಾಡಿದರೆ ಆ ರಾತ್ರಿಯ ಮಾರ್ಜಿನ್ ಚೆನ್ನಾಗಿಯೇ ಕಾಣುತ್ತದೆ.

ಸವಕಳಿಯ ಮಾತು ಬಂದರೆ ಲಾಸ್ ವೇಗಸ್‌ನ ಸ್ಫಿಯರ್ ಎಂಬ ಗೋಳಾಕಾರದ ಸಭಾಂಗಣ ನೋಡಿ. ಸುಮಾರು 230 ಕೋಟಿ ಡಾಲರ್ ಸುರಿದು ಕಟ್ಟಿದ್ದು, ಸೆಪ್ಟೆಂಬರ್ 2023ರಲ್ಲಿ ಬಾಗಿಲು ತೆರೆಯಿತು. ಲೆಕ್ಕಕ್ಕೆಂದು 25 ವರ್ಷಕ್ಕೆ ಸಮವಾಗಿ ಹಂಚಿದರೆ ವರ್ಷಕ್ಕೆ 9 ಕೋಟಿಗೂ ಹೆಚ್ಚು ಬರುತ್ತದೆ, ಅದರಲ್ಲಿ ಒಂದು ಡಾಲರ್ ಕೂಡ ಎಬಿಟ್ಡಾ ಮುಟ್ಟುವುದಿಲ್ಲ. ಎಲ್‌ಇಡಿ ಪರದೆಗಳು ಕಟ್ಟಡದಷ್ಟು ಕಾಲ ಬಾಳುವ ವಸ್ತುವೂ ಅಲ್ಲ. ಬೇರೆಯವರ ಮೈದಾನ ಬಾಡಿಗೆಗೆ ಪಡೆದು ಶೋ ಮಾಡುವವನಿಗೆ ಜಾಗದ ಖರ್ಚು ಎಬಿಟ್ಡಾ ಬರುವ ಮುಂಚೆಯೇ ಕಳೆದುಹೋಗುತ್ತದೆ. ತಾನೇ ಕಟ್ಟಿದವನಿಗೆ ಅದು ಸವಕಳಿಯಾಗಿ ಎಬಿಟ್ಡಾ ಆದ ಮೇಲೆ ಬರುತ್ತದೆ. ಸ್ಕ್ರೀನರ್ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಮಾರ್ಜಿನ್ ಪ್ರಕಾರ ಮೇಲೆ ಕೆಳಗೆ ಜೋಡಿಸುತ್ತದೆ.

ದೇಶ ಬದಲಾದರೆ ಇದೇ ತೊಡಕು ಇನ್ನೊಂದು ವೇಷ ಹಾಕುತ್ತದೆ. ಟಿಕೆಟ್ ಮಾರಾಟ, ಶೋ ಎರಡನ್ನೂ ನಡೆಸುವ ಜರ್ಮನಿಯ ಸಿಟಿಎಸ್ ಈವೆಂಟಿಮ್ 2023ರಲ್ಲಿ ಸುಮಾರು 236 ಕೋಟಿ ಯೂರೊ ವರಮಾನದ ಮೇಲೆ ಸುಮಾರು 50 ಕೋಟಿ ಯೂರೊ ಎಬಿಟ್ಡಾ ತೋರಿಸಿತು, ಶೇ 21ರಷ್ಟು. ಅದೇ ವರ್ಷ ಲೈವ್ ನೇಶನ್ ತಾನೇ ಪ್ರಕಟಿಸಿದ ಲೆಕ್ಕದಲ್ಲಿ ಶೇ 8ರ ಆಸುಪಾಸು. ಒಂದಕ್ಕೆ ಹಸಿರು, ಇನ್ನೊಂದಕ್ಕೆ ಹಳದಿ. ವ್ಯತ್ಯಾಸದ ದೊಡ್ಡ ಪಾಲು ವ್ಯಾಪಾರದ ಬೆರಕೆಯಿಂದ: ಈವೆಂಟಿಮ್ ವರಮಾನದಲ್ಲಿ ಟಿಕೆಟ್ ವಿಭಾಗ ಶೇ 30ರ ಹತ್ತಿರ, ಲೈವ್ ನೇಶನ್‌ನಲ್ಲಿ ಶೇ 13ರಷ್ಟು. ಇನ್ನೊಂದು ಪಾಲು ಲೆಕ್ಕದ ನಿಯಮದಿಂದ. ಈವೆಂಟಿಮ್ ಅನುಸರಿಸುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳಲ್ಲಿ ಐಎಫ್‌ಆರ್‌ಎಸ್ 16 ಎಂಬ ನಿಯಮ 2019ರಿಂದ ದೀರ್ಘಕಾಲದ ಬಾಡಿಗೆಗಳನ್ನು ಸವಕಳಿ ಮತ್ತು ಬಡ್ಡಿಯಾಗಿ ಒಡೆದು ಬರೆಯಿಸುತ್ತದೆ, ಎರಡೂ ಎಬಿಟ್ಡಾ ಕೆಳಗೆ ಜಾರುತ್ತವೆ. ಅಮೆರಿಕದ ನಿಯಮದಲ್ಲಿ ಮಾಮೂಲಿ ಬಾಡಿಗೆ ಒಪ್ಪಂದದ ವೆಚ್ಚ ಈಗಲೂ ಕಾರ್ಯಾಚರಣೆ ಖರ್ಚೇ. ಒಂದೇ ಥಿಯೇಟರನ್ನು ಒಂದೇ ಬಾಡಿಗೆಗೆ ಹಿಡಿದ ಇಬ್ಬರಲ್ಲಿ ಯುರೋಪಿನವನ ಎಬಿಟ್ಡಾ ಹೆಚ್ಚು ಕಾಣುತ್ತದೆ. ಸ್ಕ್ರೀನರ್‌ನಲ್ಲಿ ಇದಕ್ಕೊಂದು ಅಡಿಟಿಪ್ಪಣಿಯೂ ಇಲ್ಲ. ಜನವರಿ 2027ರಿಂದ ಜಾರಿಯಾಗುವ ಐಎಫ್‌ಆರ್‌ಎಸ್ 18 ಕಂಪನಿಗಳು ತಾವೇ ಕಟ್ಟಿಕೊಂಡ ಇಂಥ ಲಾಭದ ಅಳತೆಗಳನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲೇ ವಿವರಿಸಬೇಕು ಎನ್ನುತ್ತದೆ, ಎಬಿಟ್ಡಾ ಎಂಬುದಕ್ಕೆ ಮಾತ್ರ ಅದರಲ್ಲೂ ವ್ಯಾಖ್ಯೆಯಿಲ್ಲ.

ಸರಾಸರಿಯ ಕಾಲಂ ಬಗ್ಗೆ ಹೆಚ್ಚು ಹೇಳುವುದಿಲ್ಲ. 2019ರಲ್ಲಿ 1,155 ಕೋಟಿ ಡಾಲರ್ ವರಮಾನ ಕಂಡ ಲೈವ್ ನೇಶನ್ 2020ರಲ್ಲಿ 186 ಕೋಟಿಗೆ ಬಿತ್ತು, ಆ ವರ್ಷದ ಕಾರ್ಯಾಚರಣೆ ನಷ್ಟವೇ ಸುಮಾರು 165 ಕೋಟಿ. ಆ ವರ್ಷವನ್ನು ಸೇರಿಸಿ ತೆಗೆದ ಸರಾಸರಿ ಮಾರ್ಜಿನ್ ಯಾವ ವರ್ಷವನ್ನೂ ಹೋಲುವುದಿಲ್ಲ. ತ್ರೈಮಾಸಿಕ ಕಾಲಂ ಕೂಡ ಅಷ್ಟೇ: ಉತ್ತರ ಗೋಳಾರ್ಧದ ಬೇಸಿಗೆಯ ಬಯಲು ಶೋಗಳು ಜುಲೈ-ಸೆಪ್ಟೆಂಬರ್‌ನಲ್ಲಿ ಬೀಳುತ್ತವೆ, ಜನವರಿ-ಮಾರ್ಚ್ ಸಪ್ಪೆ. ಹಿಂದಿನ ತ್ರೈಮಾಸಿಕದ ಜೊತೆ ಹೋಲಿಸಿ ಬಾಣದ ಗುರುತು ಹಾಕುವುದು ಸುಮ್ಮನೆ.

ನಗದಿನ ವಿಷಯವನ್ನು ಹಾಗೆ ಬಿಡಲಾಗದು. ಲೈವ್ ಶೋ ಕಂಪನಿಯ ಖಾತೆಯಲ್ಲಿ ಕಾಣುವ ಹಣ ಎಲ್ಲವೂ ಅದರದ್ದಲ್ಲ. ಮುಂದಿನ ಬೇಸಿಗೆಯ ಶೋಗೆ ಈಗಲೇ ಮಾರಿದ ಟಿಕೆಟ್ ಹಣವಿದೆ, ಶೋ ರದ್ದಾದರೆ ಮರಳಿಸಬೇಕು. ಬೇರೆ ಸಭಾಂಗಣಗಳ ಪರವಾಗಿ ವಸೂಲಿ ಮಾಡಿದ ಮುಖಬೆಲೆಯಿದೆ, ಅದನ್ನು ದಾಟಿಸಬೇಕು. ಲೈವ್ ನೇಶನ್ ಇವನ್ನೆಲ್ಲ ಕಳೆದು 'ಮುಕ್ತ ನಗದು' ಎಂದು ಬೇರೆಯಾಗಿ ತೋರಿಸುತ್ತದೆ. ಸ್ಕ್ರೀನರ್ ಮಾತ್ರ ಇಡೀ ನಗದನ್ನು ಸಾಲದಿಂದ ಕಳೆದು, ಉಳಿದದ್ದನ್ನು ಎಬಿಟ್ಡಾದಿಂದ ಭಾಗಿಸಿ 'ಸಾಲದ ಹೊರೆ ಕಡಿಮೆ' ಎಂದು ಹಸಿರು ಚುಕ್ಕೆ ಇಡುತ್ತದೆ. ಪ್ರೇಕ್ಷಕರ ದುಡ್ಡಿನಲ್ಲಿ ಕಂಪನಿಯ ಸಾಲ ತೀರಿಸಿದಂತಾಯಿತು! ನನ್ನ ಪ್ರಕಾರ ಇಡೀ ಸೇವೆಯಲ್ಲಿ ಅತಿ ಅಪಾಯದ ಚುಕ್ಕೆ ಇದೇ.

ನಾನು ಈಗ ಬಳಸುವ ಬಗೆ ಹೀಗೆ. ಸ್ಕ್ರೀನರ್‌ನಿಂದ ಹತ್ತು ವರ್ಷದ ಅಂಕಿಗಳನ್ನು ಇಳಿಸಿಕೊಳ್ಳುತ್ತೇನೆ, ಚುಕ್ಕೆಗಳನ್ನು ನೋಡುವುದಿಲ್ಲ. ಕಂಪನಿ ಎಸ್‌ಇಸಿಗೆ ಸಲ್ಲಿಸುವ ವಾರ್ಷಿಕ ವರದಿ (10-ಕೆ) ಪುಕ್ಕಟೆ ಸಿಗುತ್ತದೆ, ಅದರಿಂದ ವಿಭಾಗವಾರು ಪಟ್ಟಿ ತೆಗೆದು ಪಕ್ಕದಲ್ಲಿ ಬರೆಯುತ್ತೇನೆ. ಟಿಕೆಟ್ ಮುಂಗಡ, ಶೇರು ವೆಚ್ಚ, ಇರುವುದನ್ನು ಸುಸ್ಥಿತಿಯಲ್ಲಿಡಲು ಬೇಕಾದ ಬಂಡವಾಳ ಖರ್ಚು ಇವನ್ನು ಕಳೆಯುತ್ತೇನೆ. ಕೊನೆಯದನ್ನು ಲೈವ್ ನೇಶನ್ ಬೇರೆ ಬಂಡವಾಳ ಖರ್ಚಿನಿಂದ ವಿಂಗಡಿಸಿಯೇ ಕೊಡುತ್ತದೆ. ಉಳಿದದ್ದನ್ನು ವರಮಾನದಿಂದ ಭಾಗಿಸುವುದರ ಜೊತೆಗೆ ಶೋ ನೋಡಿದ ಜನರ ಸಂಖ್ಯೆಯಿಂದಲೂ ಭಾಗಿಸುತ್ತೇನೆ. 2023ರಲ್ಲಿ ಲೈವ್ ನೇಶನ್ ಶೋಗಳಿಗೆ ಬಂದವರು ಸುಮಾರು 14.5 ಕೋಟಿ, 2024ರಲ್ಲಿ ಸುಮಾರು 15.1 ಕೋಟಿ. ಕಂಪನಿಯ ಒಟ್ಟು ಹೊಂದಾಣಿಕೆ ಮಾಡಿದ ಲಾಭವನ್ನೇ ತೆಗೆದುಕೊಂಡರೂ ತಲೆಗೆ 12 ಡಾಲರ್ ಚಿಲ್ಲರೆಯಿಂದ 14 ಚಿಲ್ಲರೆಗೆ ಏರಿದೆ. ಟಿಕೆಟ್ ಬೆಲೆ ಏರಿ ವರಮಾನ ಉಬ್ಬಿದರೂ ಈ ಅಂಕಿ ಅದರ ಜೊತೆಗೆ ತಪ್ಪು ದಿಕ್ಕಿಗೆ ಜಾರುವುದಿಲ್ಲ, ಅದಕ್ಕೇ ನನಗೆ ಇಷ್ಟ.

ಗ್ರಾಹಕ ಸೇವೆಯವರಿಗೆ ವಿಭಾಗವಾರು ಮಾರ್ಜಿನ್ ಸೇರಿಸಿ, ಕನಿಷ್ಠ ಮುಕ್ತ ನಗದನ್ನಾದರೂ ಬಳಸಿ ಎಂದು ಬರೆದೆ. ಉತ್ತರ ಬೇಗ ಬಂತು, ಸೌಜನ್ಯದಿಂದಲೂ ಇತ್ತು: ಎಲ್ಲ ಕ್ಷೇತ್ರಗಳಿಗೂ ಒಂದೇ ಸೂತ್ರ ಇಡುವುದು ಅವರ ನೀತಿಯಂತೆ. ಉಕ್ಕಿನ ಕಾರ್ಖಾನೆಗೂ ರಾಕ್ ಕಛೇರಿಗೂ ಒಂದೇ ಸೂತ್ರ ಎಂದರೆ ಅವರಿಗೆ ಸಲೀಸು, ಒಪ್ಪುತ್ತೇನೆ.

ದತ್ತಾಂಶಕ್ಕೆ ನಾಲ್ಕು ಸ್ಟಾರ್, ಎಬಿಟ್ಡಾ ಮಾರ್ಜಿನ್ ಕಾಲಂಗೆ ಎರಡೂವರೆ, ಸಾಲದ ಚುಕ್ಕೆಗೆ ಒಂದು. ಚಂದಾ ಮುಂದುವರಿಸುತ್ತೇನೆ, ಆದರೆ ಚುಕ್ಕೆ-ಬಾಣಗಳಿರುವ ದುಬಾರಿ ಯೋಜನೆ ಬಿಟ್ಟು, ಬರಿಯ ಪಟ್ಟಿಗಳು ಇಳಿಯುವ ಅಗ್ಗದ ಯೋಜನೆಗೆ ಬದಲಾಯಿಸಿಕೊಂಡಿದ್ದೇನೆ. ಲೈವ್ ಶೋ ಕಂಪನಿಗಳನ್ನು ಮಾತ್ರ ನೋಡುವವರಾದರೆ ಅದೂ ಬೇಕಿಲ್ಲ. ಶೇರು ಪೇಟೆಯ ಪಟ್ಟಿಗೆ ಬಂದಿರುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು, ಅವುಗಳ ವಾರ್ಷಿಕ ವರದಿಯಲ್ಲಿ ವಿಭಾಗಗಳ ಟಿಪ್ಪಣಿ ಮತ್ತು ಹೊಂದಾಣಿಕೆ ಪಟ್ಟಿ ಎರಡನ್ನು ತೆರೆದರೆ ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಸಿಗುತ್ತದೆ.